ಪುಲಿಕೇಶಿ ಚಪ್ಪಲಿ ಹಾಕಿದ್ದನೇ?

"ಅಜ್ಜೀ, ನೀನು ಚಿಕ್ಕೋಳಿದ್ದಾಗ ಪುಲಿಕೇಶಿ ಇದ್ನಾ?" ಎಂದು ಎರಡನೇ ತರಗತಿಯ ಹುಡುಗನೊಬ್ಬ ಕೇಳಿದರೆ ಸುತ್ತ ಇದ್ದ ದೊಡ್ಡವರು ನಗುತ್ತಾರೆ. ನನಗೆ ಮಾತ್ರ ಅದು ಬಹಳ ನ್ಯಾಯವಾದ ಪ್ರಶ್ನೆ ಅನಿಸುತ್ತದೆ. ಏಳು ವರ್ಷದ ಜೀವಕ್ಕೆ ಕಾಲ ಅಂದರೆ ನಿನ್ನೆ, ನಾಳೆ, ಹೋದ ಸಲದ ಊರಹಬ್ಬ, ತಂಗಿ ಹುಟ್ಟಿದ ದಿನ. ಅದಕ್ಕಿಂತ ಹಿಂದಿನದೆಲ್ಲ ಒಂದೇ ರಾಶಿ. ಆ ರಾಶಿಯಲ್ಲಿ ಅಜ್ಜಿ, ಗಾಂಧೀಜಿ, ಶ್ರೀರಾಮ, ಡೈನೊಸಾರು, ಪುಲಿಕೇಶಿ ಎಲ್ಲರೂ ಅಕ್ಕಪಕ್ಕದಲ್ಲೇ ಕೂತಿದ್ದಾರೆ. ಬೋರ್ಡಿನ ಮೇಲೆ 'ಕ್ರಿ.ಶ. 610ರಿಂದ 642' ಎಂದು ಬರೆದುಕೊಟ್ಟರೆ ಮಗು ಅದನ್ನು ಉರು ಹೊಡೆದು ಒಪ್ಪಿಸುತ್ತದೆ. ರಾಶಿ ರಾಶಿಯಾಗಿಯೇ ಉಳಿಯುತ್ತದೆ.

ನಾನು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಶನಿವಾರ ಮಧ್ಯಾಹ್ನ ಬೀದಿಯ ಮಕ್ಕಳು ನಮ್ಮ ಜಗಲಿಗೆ ಬರುತ್ತಾರೆ. ಬರುವುದು ಚಿತ್ರ ಬರೆಯುವುದಕ್ಕೆ. ಇತಿಹಾಸ ಅನ್ನುವ ಮಾತನ್ನು ನಾನು ಎತ್ತುವುದೇ ಇಲ್ಲ. ಆ ಹುಡುಗನ ಪ್ರಶ್ನೆಗೆ ಉತ್ತರ ಕೊಡಲು ಅವತ್ತು ಹಳೆಯ ಬಾವಿಹಗ್ಗಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿದೆವು. ವರ್ಷಕ್ಕೆ ಒಂದು ಬೆರಳಗಲ, ಅಂದರೆ ಸುಮಾರು 2 ಸೆಂಟಿಮೀಟರು ಅಂತ ಲೆಕ್ಕ. ಅವರ ವಯಸ್ಸು ಅವರದೇ ಪುಟ್ಟ ಕೈಯ ಒಂದು ಗೇಣು ಬಂತು. ನನ್ನದು ಒಂದು ಮಾರಿಗೆ ಸ್ವಲ್ಪ ಕಡಿಮೆ. ಶ್ರೀರಂಗಪಟ್ಟಣ ಬಿದ್ದ 1799 ನಾಲ್ಕೂವರೆ ಮೀಟರಿನಾಚೆ, ಪಕ್ಕದ ಮನೆಯ ತುಳಸಿಕಟ್ಟೆ ಹತ್ತಿರ. ಪುಲಿಕೇಶಿ ಸುಮಾರು 28 ಮೀಟರ್ ದೂರದಲ್ಲಿ, ಹಾಲಿನ ಡೈರಿಯ ಬಾಗಿಲಲ್ಲಿ. ಅಶೋಕ 45 ಮೀಟರ್, ಅರಳಿಕಟ್ಟೆಗೇ ಹೋಗಬೇಕು. ಪ್ರತಿಯೊಬ್ಬರೂ ತಮ್ಮ ಚಿತ್ರವನ್ನು ಬಟ್ಟೆ ಕ್ಲಿಪ್ಪಿನಿಂದ ಅದರದರ ಜಾಗದಲ್ಲಿ ಸಿಕ್ಕಿಸಲು ಓಡಿದರು. ಓಡಿ ದಣಿದ ಕಾಲಿಗೆ ಸಾವಿರದ ನಾನೂರು ವರ್ಷ ಅಂದರೆ ಏನೆಂಬುದು ಸ್ವಲ್ಪ ತಿಳಿದಿರಬೇಕು.

ಹಗ್ಗದಿಂದ ನಾನು ನಿರೀಕ್ಷಿಸದ ಇನ್ನೊಂದು ಲಾಭವೂ ಆಯಿತು. ಚಿತ್ರಗಳು ಅಲ್ಲೊಂದು ಇಲ್ಲೊಂದು ನೇತಾಡುತ್ತಿದ್ದವು, ನಡುವೆ ಹಗ್ಗ ಬರಿದಾಗಿತ್ತು. "ಈ ಖಾಲಿ ಜಾಗದಲ್ಲಿ ಯಾರೂ ಇರ್ಲಿಲ್ವಾ?" ಎಂದು ಒಬ್ಬಳು ಕೇಳಿದಳು. ಇದ್ದರು ಮಗಳೇ, ಉಳುವವರಿದ್ದರು, ಕುಂಬಾರರಿದ್ದರು, ಬಟ್ಟೆ ನೇಯುವವರಿದ್ದರು, ಕೂಸಿಗೆ ಹಾಲೂಡಿಸುತ್ತ ಕೂತವರಿದ್ದರು ಎಂದೆ. ಮುಂದಿನ ಕೆಲವು ವಾರ ಆ ಖಾಲಿ ಜಾಗ ತುಂಬಿಸುವುದೇ ಕೆಲಸವಾಯಿತು. ರಾಜರ ಚಿತ್ರಗಳಿಗಿಂತ ಅವೇ ಚೆನ್ನಾಗಿ ಬಂದವು. ಎಮ್ಮೆ ಮೈ ತೊಳೆಯುವುದನ್ನು ದಿನಾ ನೋಡುವ ಮಗುವಿಗೆ ಎಂಟನೆಯ ಶತಮಾನದ ಎಮ್ಮೆ ಕಷ್ಟವಲ್ಲ.

ಈಗ ಚಪ್ಪಲಿಯ ವಿಷಯಕ್ಕೆ ಬರುತ್ತೇನೆ. ಪುಲಿಕೇಶಿಯ ಕತೆಯನ್ನು ನಾನು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೇನೆ. ನರ್ಮದೆಯ ದಂಡೆ, ಹರ್ಷವರ್ಧನನ ಆನೆಗಳು, ಬಾದಾಮಿಯ ಕೋಟೆ ಎಲ್ಲವನ್ನೂ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಕೇಳುವ ಮಗುವಿಗೆ ಅನುಮಾನ ಬರುವುದಿಲ್ಲ, ಯಾಕೆಂದರೆ ಹೇಳುವವರ ಮಾತು ಎಲ್ಲ ತೂತುಗಳನ್ನೂ ಮುಚ್ಚಿಕೊಂಡು ಹೋಗುತ್ತದೆ. ಅದೇ ಮಗು ಕೈಯಲ್ಲಿ ಪೆನ್ಸಿಲ್ ಹಿಡಿದು ಪುಲಿಕೇಶಿಯನ್ನು ಬರೆಯಲು ಕೂತರೆ, ಕಿರೀಟ ಆಯಿತು, ಮೀಸೆ ಆಯಿತು, ಕತ್ತಿ ಆಯಿತು, ಕೊನೆಗೆ ಪಾದದ ಹತ್ತಿರ ಬಂದು ಕೈ ನಿಲ್ಲುತ್ತದೆ. "ಅಜ್ಜೀ, ಚಪ್ಪಲಿ ಬರೀಲಾ ಬೇಡ್ವಾ?" ಮಾತಿನಲ್ಲಿ ಪಾದವನ್ನು ಬಿಟ್ಟು ಮುಂದೆ ಹೋಗಬಹುದು. ಚಿತ್ರದಲ್ಲಿ ಹಾಗೆ ಬಿಡಲಾಗುವುದಿಲ್ಲ. ಕತ್ತಿ ಯಾವ ಕೈಯಲ್ಲಿ? ಅಂಗಿ ಇತ್ತೇ? ಮನೆಗೆ ಹಂಚೋ ಹುಲ್ಲೋ? ಒಂದೊಂದು ಗೆರೆಗೂ ಒಂದು ತೀರ್ಮಾನ ಬೇಕು, ಒಂದೊಂದು ತೀರ್ಮಾನಕ್ಕೂ ಒಂದು ಆಧಾರ ಬೇಕು. ಇತಿಹಾಸಕಾರರು ಮಾಡುವ ಕೆಲಸವೂ ಅದೇ ಅಲ್ಲವೇ? ಐಹೊಳೆಯ ಮೇಗುಟಿ ಗುಡಿಯ ಗೋಡೆಯಲ್ಲಿ ಕವಿ ರವಿಕೀರ್ತಿ 634ರಲ್ಲಿ ಪುಲಿಕೇಶಿಯ ದಿಗ್ವಿಜಯಗಳನ್ನು ಬರೆಸಿದ್ದಾನೆ. ಅದು ಗೆಲುವುಗಳ ಶಾಸನ. ಉಡುಗೆ ತೊಡುಗೆ ಬೇಕಾದರೆ ಬೇರೆ ಕಡೆ ಹುಡುಕಬೇಕು. ಪುಲಿಕೇಶಿಯ ಚಿಕ್ಕಪ್ಪ ಮಂಗಳೇಶ 578ರಲ್ಲಿ ಮಾಡಿಸಿದ ಬಾದಾಮಿಯ ಮೂರನೆಯ ಗುಹೆಯಲ್ಲಿ, ಕಂಬಗಳ ಮೇಲಿನ ಚಾಚುಗಳಲ್ಲಿ ದಂಪತಿಗಳು ನಿಂತಿದ್ದಾರೆ. ಅವರ ತುರುಬು, ಓಲೆ, ಸೊಂಟದ ಪಟ್ಟಿ, ಪಾದ ಎಲ್ಲವನ್ನೂ ಫೋಟೋಗಳಲ್ಲಿ ಭೂತಗನ್ನಡಿ ಹಿಡಿದು ನೋಡಿದೆವು. ಒಬ್ಬ ಹುಡುಗ ಪುಲಿಕೇಶಿಯನ್ನು ಬರಿಗಾಲಲ್ಲಿ ನಿಲ್ಲಿಸಿದ. ಇನ್ನೊಬ್ಬಳು ಚಪ್ಪಲಿಯನ್ನು ಬಾಗಿಲ ಹೊರಗೆ ಬಿಡಿಸಿದಳು. "ಅರಮನೆ ಒಳಗೆ ಯಾರಾದ್ರೂ ಚಪ್ಪಲಿ ಹಾಕ್ಕೊಂಡು ಓಡಾಡ್ತಾರಾ?" ಅವಳ ತೀರ್ಮಾನಕ್ಕೂ ಆಧಾರವಿತ್ತು.

ಮಕ್ಕಳು ಚಿತ್ರ ಬರೆಯುವುದನ್ನು ಇಷ್ಟು ಕಾಲ ಹತ್ತಿರದಿಂದ ನೋಡಿ ನನಗೆ ಒಂದು ಮಾತು ಗಟ್ಟಿಯಾಗಿ ಮನಸ್ಸಿನಲ್ಲಿ ನಿಂತಿದೆ. ನಮ್ಮ ಹಳೆಯ ಕಲ್ಲುಗಳನ್ನು ಕೆತ್ತಿದವರೂ ಈ ಮಕ್ಕಳೂ ಒಂದೇ ರೀತಿಯಲ್ಲಿ ಚಿತ್ರ ಕಟ್ಟುತ್ತಾರೆ. ಊರೂರಿನ ವೀರಗಲ್ಲುಗಳನ್ನು ನೋಡಿ. ಸಾಮಾನ್ಯವಾಗಿ ಮೂರು ಅಂಕಣ. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುತ್ತಿರುವ ಅಪ್ಸರೆಯರು, ಮೇಲೆ ಕೈಲಾಸ, ಲಿಂಗ, ಅದರ ಮುಂದೆ ಕೂತ ಅದೇ ವೀರ, ಎಲ್ಲಕ್ಕೂ ಮೇಲೆ ಸೂರ್ಯ ಚಂದ್ರ. ಒಬ್ಬನೇ ಮನುಷ್ಯ ಒಂದೇ ಕಲ್ಲಿನಲ್ಲಿ ಮೂರು ಸಲ ಬಂದಿದ್ದಾನೆ. ವೀರ ದೊಡ್ಡವನು, ಶತ್ರುಗಳು ಸಣ್ಣವರು. ಹಗಲು ರಾತ್ರಿ ಒಟ್ಟಿಗೇ ಇವೆ. ಊರ ದನ ಹೊಡೆದುಕೊಂಡು ಹೋದವರೊಡನೆ ಕಾದಾಡಿದ ತುರುಗಾಳಗದ ಕಲ್ಲಾದರೆ ಮೂಲೆಯಲ್ಲಿ ದನಗಳು ಒಂದರ ಮೇಲೊಂದು ಸಾಲಾಗಿ ನಿಂತಿರುತ್ತವೆ, ಹಿಂದಿನವು ಮೇಲೆ, ಮುಂದಿನವು ಕೆಳಗೆ. ಈಗ ಏಳೆಂಟು ವರ್ಷದ ಮಗುವಿಗೆ 'ನಿಮ್ಮೂರ ಜಾತ್ರೆ ಬರಿ' ಎಂದು ಹೇಳಿ ನೋಡಿ. ಅಪ್ಪ ತೇರಿನಷ್ಟು ಎತ್ತರ, ಪೊಲೀಸು ಬೆರಳಷ್ಟು. ಮಗು ಒಂದೇ ಹಾಳೆಯಲ್ಲಿ ಬತ್ತಾಸು ಕೊಳ್ಳುತ್ತಲೂ ಇದೆ, ತಿನ್ನುತ್ತಲೂ ಇದೆ. ನೆಲಕ್ಕೊಂದು ಗೆರೆ, ಅದರ ಮೇಲೆ ಜನ, ಮೇಲೆ ಇನ್ನೊಂದು ಗೆರೆ, ಅದರ ಮೇಲೆ ಮತ್ತಷ್ಟು ಜನ. ಮನೆಯ ಗೋಡೆ ಇದ್ದರೂ ಒಳಗಿನ ಅಜ್ಜಿ ಕಾಣುತ್ತಾಳೆ.

ಫ್ರಾನ್ಸಿನ ಜಾರ್ಜ್ ಆನ್ರಿ ಲ್ಯೂಕೆ ಮಕ್ಕಳ ಚಿತ್ರಗಳ ಮೇಲೆ 1927ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನು ಗುರುತಿಸಿದ್ದ: ಮಗು ಕಣ್ಣಿಗೆ ಕಂಡದ್ದನ್ನು ಬರೆಯುವುದಿಲ್ಲ, ತನಗೆ ಗೊತ್ತಿರುವುದನ್ನು ಬರೆಯುತ್ತದೆ. 1947ರಲ್ಲಿ ವಿಕ್ಟರ್ ಲೋವೆನ್‌ಫೆಲ್ಡ್ ಈ ನೆಲದ ಗೆರೆ, ಗೋಡೆಯಾಚೆ ಕಾಣುವ ಮನೆ ಇವನ್ನೆಲ್ಲ ವಯಸ್ಸಿನ ಹಂತಗಳಿಗೆ ಹೊಂದಿಸಿ ವಿವರಿಸಿದ. ಅವರು ಹೇಳಿದ್ದು ಮಕ್ಕಳ ವಿಚಾರ. ನಮ್ಮ ಕಲ್ಕುಟಿಗರು ಬೇರೆಯಂತೆ ಕೆತ್ತಲಾರದೆ ಹೀಗೆ ಕೆತ್ತಿದರೆಂದು ಯಾರೂ ತಿಳಿಯಬಾರದು. ಅವರು ಪಳಗಿದ ಕೈಯವರು, ಯಾವುದು ಮುಖ್ಯವೋ ಅದನ್ನು ದೊಡ್ಡದು ಮಾಡಬೇಕೆಂದು ತಿಳಿದೇ ಮಾಡಿದವರು. ಆದರೂ ದಾರಿ ಒಂದೇ. ಅದಕ್ಕೇ ದೊಡ್ಡವರಿಗೆ ಯಾರಾದರೂ ವಿವರಿಸಬೇಕಾದ ವೀರಗಲ್ಲನ್ನು ಮಕ್ಕಳು ತಾವೇ ಓದುತ್ತಾರೆ. ಕೆಳಗಿನಿಂದ ಮೇಲಕ್ಕೆ ಓದಬೇಕು ಎಂದಷ್ಟೇ ಹೇಳಿದರೆ ಸಾಕು. ಹತ್ತು ದಾಟಿದರೆ ಕಷ್ಟ. ಆಗ ಅವರಿಗೆ 'ನಿಜದ ಹಾಗೆ' ಬರೆಯಬೇಕೆಂಬ ಆಸೆ ಬಂದಿರುತ್ತದೆ, ಈ ಕಲ್ಲುಗಳು ಸೊಟ್ಟ ಕಾಣತೊಡಗುತ್ತವೆ. ಇತಿಹಾಸವನ್ನು ಆರನೇ ತರಗತಿಗೆ ಬಂದ ಮೇಲೆ ಶುರು ಮಾಡಿದರಾಯಿತು ಅನ್ನುವವರಿಗೆ ನಾನು ಹೇಳುವುದು ಇದನ್ನೇ: ಕಲ್ಲು ತಾನಾಗಿ ಮಾತಾಡುವ ವಯಸ್ಸು ಅಷ್ಟರಲ್ಲಿ ಕಳೆದುಹೋಗಿರುತ್ತದೆ.

ನಮ್ಮ ಜಗಲಿಯಲ್ಲಿ ಎಲ್ಲರಿಗೂ ಪ್ರಿಯವಾದ ಕಲ್ಲು ಆತಕೂರಿನದು. ನಮ್ಮ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನದು, ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹತ್ತನೆಯ ಶತಮಾನದ ನಡುವಿನ ಮಾತು. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಇಮ್ಮಡಿ ಬೂತುಗ ಒಂದು ಕಡೆ, ಚೋಳರು ಇನ್ನೊಂದು ಕಡೆ, ತಕ್ಕೋಲದಲ್ಲಿ 949ರಲ್ಲಿ ದೊಡ್ಡ ಯುದ್ಧ. ಚೋಳ ರಾಜಕುಮಾರ ರಾಜಾದಿತ್ಯ ಅಲ್ಲಿ ಮಡಿದ. ಇವೆಲ್ಲ ಆ ಕಲ್ಲಿನ ಮೇಲೆ ಬರೆದಿವೆ, ಪಂಡಿತರಿಗೆ ಅದು ಬಹು ಮುಖ್ಯ. ಮಕ್ಕಳಿಗೆ ಮುಖ್ಯವಾದದ್ದು ಬೇರೆ. ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೆರ ಎಂಬ ವೀರನಿಗೆ ಒಡೆಯ ಮೆಚ್ಚಿ 'ಬೇಕಾದ್ದು ಕೇಳು' ಅಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿಯನ್ನು ಮುಂದೊಂದು ದಿನ ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿ, ಹಂದಿ ಎರಡೂ ಸತ್ತವು. ಅದಕ್ಕಾಗಿ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು; ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅಲ್ಲಿನ ಗೊರವನಿಗೆ ಪಾಪ ಎಂದೂ ಬರೆಸಿದರು. ಅಕ್ಷರಗಳ ನಡುವೆ ಕಾಳಿಯೂ ಹಂದಿಯೂ ಒಂದರ ಮೇಲೊಂದು ಬಿದ್ದಿರುವ ಚಿತ್ರವಿದೆ.

ಈ ಕತೆ ಹೇಳಿದ ದಿನ ಯಾರೂ ಕಿರೀಟ ಬರೆಯಲಿಲ್ಲ. ಎಲ್ಲರದೂ ಕಾಳಿ. ತಮ್ಮ ಮನೆಯ ನಾಯಿಯ ಬಣ್ಣವನ್ನೇ ಅದಕ್ಕೆ ಕೊಟ್ಟರು. ಕೋರೆಹಲ್ಲು ಎಷ್ಟುದ್ದ, ಹಂದಿಯ ಬೆನ್ನಮೇಲಿನ ಕೂದಲು ನಿಮಿರಿ ನಿಲ್ಲುತ್ತದಾ, ನಾಯಿ ಮೊದಲು ಕಿವಿ ಹಿಡಿಯುತ್ತದಾ ಕತ್ತು ಹಿಡಿಯುತ್ತದಾ ಎಂದು ಕಬ್ಬಿನ ಗದ್ದೆಯಲ್ಲಿ ಹಂದಿ ಕಂಡಿದ್ದವನೊಬ್ಬನನ್ನು ನಡುವೆ ಕೂರಿಸಿಕೊಂಡು ವಿಚಾರಿಸಿದರು. ಒಬ್ಬ ಪುಟ್ಟಿ ಹಾಳೆಯ ಮೂಲೆಯಲ್ಲಿ ಮಣಲೆರನನ್ನೂ ಬರೆದಳು. ಅವನ ಕಣ್ಣಿಂದ ನೀಲಿ ಚುಕ್ಕೆಗಳು ನೆಲದವರೆಗೂ ಸಾಲುಗಟ್ಟಿದ್ದವು. ಯುದ್ಧ ಗೆದ್ದು ಬಂದವನು ನಾಯಿಗಾಗಿ ಅತ್ತಿರಬಹುದು ಎಂಬ ಮಾತನ್ನು ನಾನು ಹೇಳಿರಲಿಲ್ಲ. ಸಾವಿರ ವರ್ಷದಾಚೆಯ ಒಬ್ಬ ಮನುಷ್ಯನ ಎದೆಯೊಳಗೆ ಅವಳು ತಾನೇ ಇಳಿದು ನೋಡಿದ್ದಳು.

ಅಡುಗೆಮನೆಯ ಚಿತ್ರದ್ದು ಇನ್ನೊಂದು ಬಗೆ. 'ಪಂಪ ಕವಿಯ ಮನೆ ಅಡುಗೆಮನೆ ಬರೀರಿ' ಎಂದು ಒಂದು ಶನಿವಾರ ಹೇಳಿದೆ. ಪಂಪ 941ರ ಹೊತ್ತಿನವನು, ಹೆಚ್ಚೂಕಡಿಮೆ ಕಾಳಿಯ ಕಾಲದವನೇ. ಒಲೆ, ಮಡಕೆ, ಒನಕೆ, ಒರಳು, ನೆಲುವು ಎಲ್ಲ ಬಂದವು. ಜೊತೆಗೆ ಗೋಡೆಗೆ ಸ್ವಿಚ್ಚೂ ಬಂತು. ಅದನ್ನು ಅವರವರೇ ಜಗಳಾಡಿ ಅಳಿಸಿದರು. ಕೆಂಪು ಮೆಣಸಿನಕಾಯಿ ಅಳಿಸಬೇಕು ಅಂದಾಗ ಮಾತ್ರ ಯಾರೂ ಒಪ್ಪಲಿಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ, ಪೋರ್ಚುಗೀಸರು ಹಡಗಿನಲ್ಲಿ ಬಂದ ಮೇಲೆ ನಮ್ಮಲ್ಲಿಗೆ ತಲುಪಿತು. ಪಂಪನ ಮನೆಯಲ್ಲಿ ಖಾರಕ್ಕೆ ಇದ್ದದ್ದು ಕರಿಮೆಣಸು. ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ, ಕಡಲೆಕಾಯಿ ಇಲ್ಲ, ಹಿತ್ತಲಿನ ಸೀಬೆ, ಪರಂಗಿ ಕೂಡ ಇಲ್ಲ. ಒಂದೊಂದು ಅಳಿಸಿದಾಗಲೂ ಜಗಲಿಯ ಮೇಲೆ ಹಾಹಾಕಾರ. "ಮತ್ತೆ ಸಾರು ಹೆಂಗ್ ಮಾಡ್ತಿದ್ರು?" ಎಂಬ ಪ್ರಶ್ನೆಯನ್ನು ಮಕ್ಕಳು ಮನೆಗೆ ತೆಗೆದುಕೊಂಡು ಹೋದರು, ಅವತ್ತು ಸಂಜೆ ಅವರ ತಾಯಂದಿರೇ ಬಂದು ನನ್ನ ಹತ್ತಿರ ಕೇಳಿದರು. ಇದ್ದದ್ದನ್ನು ಹೇಳಿದರೆ ಮಗು ತಲೆಯಾಡಿಸುತ್ತದೆ. ಇಲ್ಲದಿದ್ದದ್ದನ್ನು ತನ್ನ ಕೈಯಿಂದಲೇ ರಬ್ಬರಿನಲ್ಲಿ ಅಳಿಸಿದರೆ ಆ ಕಾಲ ಈ ಕಾಲದಿಂದ ಬೇರೆ ಎಂಬುದು ಬೆರಳಿಗೇ ಗೊತ್ತಾಗುತ್ತದೆ.

ಪಠ್ಯಪುಸ್ತಕದ ಚಿತ್ರಗಳ ಬಗ್ಗೆಯೂ ಹೇಳಬೇಕು. ರಾಜರ ಆ ಚಿತ್ರಗಳನ್ನು ಮಕ್ಕಳು ಫೋಟೋ ಎಂದೇ ತಿಳಿದಿರುತ್ತಾರೆ. ಯಾರೋ ಕಲಾವಿದರು ನಮ್ಮ ಕಾಲದಲ್ಲಿ ಊಹಿಸಿ ಬರೆದದ್ದು ಎಂದು ತಿಳಿದಾಗ ಅವರಿಗೆ ಬೇಸರವಾಗುವುದಿಲ್ಲ, ಧೈರ್ಯ ಬರುತ್ತದೆ. ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ ಸಿಕ್ಕ ಬೌದ್ಧ ಸ್ತೂಪದಲ್ಲಿ ರಾಣಿ, ಸೇವಕಿಯರೊಡನೆ ನಿಂತ ಒಬ್ಬ ರಾಜನ ಉಬ್ಬುಶಿಲ್ಪವಿದೆ. ಅದರ ಮೇಲೆ ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ' ಎಂದು ಹೆಸರೇ ಕೆತ್ತಿದೆ. ಹೆಸರು ಬರೆದ ಅಶೋಕನ ರೂಪ ನಮ್ಮ ನೆಲದಲ್ಲೇ ಸಿಕ್ಕಿತಲ್ಲ ಎಂದು ನನಗೆ ಇವತ್ತಿಗೂ ಹೆಮ್ಮೆ. ಆದರೆ ಅದನ್ನು ಕೆತ್ತುವ ಹೊತ್ತಿಗೆ ಅಶೋಕ ತೀರಿಕೊಂಡು ಶತಮಾನಗಳೇ ಆಗಿದ್ದವು. ಶಿಲ್ಪಿ ಕಂಡಿದ್ದು ತನ್ನ ಕಾಲದ ರಾಜರನ್ನು. ಕೆತ್ತಿದ್ದು ತಾನು ಕೇಳಿದ್ದ ರಾಜನನ್ನು. ಜಗಲಿಯ ಮಕ್ಕಳು ಮಾಡುವುದೂ ಅದನ್ನೇ.

ಬಣ್ಣ ತುಂಬುವ ಪುಸ್ತಕಗಳು ನನಗೆ ಇಷ್ಟವಿಲ್ಲ. ಗೆರೆಯನ್ನು ಬೇರೆಯವರು ಹಾಕಿಕೊಟ್ಟ ಮೇಲೆ ಪಾದದ ಹತ್ತಿರ ಕೈ ನಿಲ್ಲುವ ಮಾತೇ ಇಲ್ಲ. ರಾಜ್ಯೋತ್ಸವದ ಚಿತ್ರಸ್ಪರ್ಧೆಗಳೂ ಅಷ್ಟೇ. ಕ್ಯಾಲೆಂಡರಿನ ಚಿತ್ರವನ್ನು ಯಥಾವತ್ತು ಇಳಿಸಿದವನಿಗೆ ಮೊದಲ ಬಹುಮಾನ ಕೊಡುತ್ತಾರೆ. ಆ ಮಗು ಶ್ರಮಪಟ್ಟಿರುತ್ತದೆ, ಅದನ್ನು ಮೆಚ್ಚೋಣ. ಆದರೆ ಒಂದು ಪ್ರಶ್ನೆಯನ್ನೂ ಕೇಳಿರುವುದಿಲ್ಲ.

ಶ್ರೀರಂಗಪಟ್ಟಣದ ದರಿಯಾ ದೌಲತ್ ನಮಗೆ ಹತ್ತಿರ. ಟಿಪ್ಪು 1784ರಲ್ಲಿ ಕಟ್ಟಿಸಿದ ಆ ಬೇಸಗೆ ಅರಮನೆಯ ಪಶ್ಚಿಮದ ಗೋಡೆಯ ತುಂಬ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಮಕ್ಕಳು ಅದರ ಮುಂದೆ ಕೂತರೆ ಏಳುವುದೇ ಇಲ್ಲ. ಹೈದರ್, ಟಿಪ್ಪು, ಸಾಲುಸಾಲು ಕುದುರೆಗಳು, ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ, ಕೆಂಪಂಗಿಯ ಸಿಪಾಯಿಗಳ ಚೌಕದೊಳಗೆ ಪಲ್ಲಕ್ಕಿಯಲ್ಲಿ ಕರ್ನಲ್ ಬೇಯ್ಲಿ ಬೆರಳು ಕಚ್ಚಿಕೊಂಡು ಕೂತಿದ್ದಾನೆ. ಹಿಂದಕ್ಕೆ ಬಂದ ಮೇಲೆ, ಪಲ್ಲಕ್ಕಿಯೊಳಗೆ ಕೂತವನಿಗೆ ಹೊರಗೆ ಏನು ಕಂಡಿರಬಹುದು, ಅದನ್ನು ಬರೀರಿ ಅಂದೆ. ಕುದುರೆಗಳೆಲ್ಲ ಇದ್ದಕ್ಕಿದ್ದಂತೆ ಬೆಟ್ಟದಷ್ಟಾದವು. ಸಿಪಾಯಿಗಳಿಗೆ ಮುಖ ಬಂತು, ಗೋಡೆಯ ಮೇಲೆ ಅವರೆಲ್ಲ ಒಂದೇ ಅಚ್ಚಿನವರಾಗಿದ್ದರು. ಚಿತ್ರವನ್ನು ಯಾರು ಬರೆಸಿದರು ಎಂದು ನೋಡಬೇಕು ಎಂಬ ಮಾತನ್ನು ಕಾಲೇಜಿನಲ್ಲಿ ಕಲಿಸಲು ಒದ್ದಾಡುತ್ತಾರೆ. ಅದು ಇಲ್ಲಿ ಒಂದು ಮಧ್ಯಾಹ್ನದ ಕೆಲಸವಾಯಿತು.

ಎಲ್ಲವೂ ಇಷ್ಟು ಸರಾಗವಲ್ಲ. ಊರಾಚೆ ಒಂದು ಮಾಸ್ತಿಕಲ್ಲಿದೆ. ಕಂಬದಿಂದ ಹೊರಟ ಒಂದು ತೋಳು, ಮೊಣಕೈಯಲ್ಲಿ ಮಡಿಸಿ ಮೇಲಕ್ಕೆತ್ತಿದ ಕೈ, ಕೈತುಂಬ ಬಳೆ. "ಬರೀ ಕೈ ಯಾಕಿದೆ ಅಜ್ಜಿ?" ಎಂದು ಕೇಳಿದವಳಿಗೆ ಎಂಟು ವರ್ಷ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಗಂಡ ಸತ್ತಾಗ ಅವಳೂ ಬೆಂಕಿಯಲ್ಲಿ ಸತ್ತಳು, ಆಗಿನ ಜನ ಅದನ್ನು ದೊಡ್ಡದೆಂದು ಹೊಗಳಿ ಕಲ್ಲು ನೆಟ್ಟರು, ಅದು ಸರಿಯಲ್ಲವೆಂದು ಆಮೇಲೆ ಕಾನೂನು ಮಾಡಿ ನಿಲ್ಲಿಸಿದರು, ಎಂದಷ್ಟೇ ಹೇಳಿದೆ. ಇವತ್ತು ಇದನ್ನು ಬರೆಯುವುದು ಬೇಡ ಅಂದೆ. ಅವಳು ಕೇಳಲಿಲ್ಲ. ಕಲ್ಲಿನಲ್ಲಿದ್ದ ಕೈಯನ್ನು ಹಾಗೆಯೇ ಬರೆದು, ಅದಕ್ಕೆ ಭುಜ ಕೊಟ್ಟಳು, ಮುಖ ಕೊಟ್ಟಳು, ಹಸಿರು ಸೀರೆ ಉಡಿಸಿದಳು, ಎರಡು ಪಾದ ಬರೆದಳು. ಆಮೇಲೆ ಪಕ್ಕದಲ್ಲಿ ಒಂದು ಹೆಸರೂ ಬರೆದಳು, ತನ್ನ ಅತ್ತೆಯ ಹೆಸರು. ಸಣ್ಣ ಮಕ್ಕಳಿಗೆ ಇತಿಹಾಸದ ನೋವನ್ನು ತೋರಿಸಬಾರದು ಎಂದು ವಾದಿಸುವವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಕೈಯಲ್ಲಿ ಬಣ್ಣವಿದ್ದರೆ ಮಗು ನೋವನ್ನು ಸುಮ್ಮನೆ ಹೊತ್ತುಕೊಂಡು ಕೂರುವುದಿಲ್ಲ, ಅದಕ್ಕೆ ಏನಾದರೂ ಮಾಡುತ್ತದೆ.

ಇನ್ನು ಚಿತ್ರಗಳು ಏನಾಗುತ್ತವೆ ಎಂದು ಕೇಳುತ್ತಾರೆ. ನಾನು ಒಂದನ್ನೂ ಎಸೆಯುವುದಿಲ್ಲ. ಟಿಪ್ಪುವಿನ ನಂತರ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿ ಹೋದಲ್ಲೆಲ್ಲ ಚಿತ್ರಗಾರರನ್ನು ಕರೆದೊಯ್ದು ಗುಡಿ, ಕಲ್ಲು, ಶಾಸನಗಳನ್ನು ಬರೆಸಿದ. ಮುಂದೆ 1816ರಿಂದ ಆಂಧ್ರದ ಅಮರಾವತಿ ಸ್ತೂಪದ ಕಲ್ಲುಗಳನ್ನು ಹೀಗೆಯೇ ಬರೆಸಿದ. ಅವುಗಳಲ್ಲಿ ಹಲವು ಕಲ್ಲುಗಳು ಆಮೇಲೆ ಕಾಣೆಯಾದವು. ಲಂಡನ್ನಿನ ಗ್ರಂಥಾಲಯದಲ್ಲಿರುವ ಚಿತ್ರಗಳೇ ಅವಕ್ಕೆ ಈಗ ಸಾಕ್ಷಿ. ನಮ್ಮ ಕೆರೆ ಏರಿಯ ಮೇಲೂ ಒಂದು ವೀರಗಲ್ಲಿದೆ, ರಸ್ತೆ ಅಗಲ ಮಾಡುವ ಗುರುತನ್ನು ಅದರಾಚೆಗೆ ಹಾಕಿದ್ದಾರೆ. ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ, ಅರ್ಜಿಯ ಜೊತೆ ಮಕ್ಕಳ ಚಿತ್ರಗಳನ್ನೂ ಇಡಬೇಕೆಂದಿದ್ದೇನೆ. ಬೇವಿನ ಮರದಿಂದ ಎಷ್ಟು ಹೆಜ್ಜೆ, ತೂಬಿನಿಂದ ಎಷ್ಟು ಹೆಜ್ಜೆ ಎಂದು ಅಳೆದು, ಮುಖ ಯಾವ ದಿಕ್ಕಿಗಿದೆ ಎಂದು ಗುರುತು ಹಾಕಿ ಬರೆದಿದ್ದಾರೆ. ಸೂರ್ಯ ಎಡಕ್ಕೆ, ಚಂದ್ರ ಬಲಕ್ಕೆ ಎಂಬುದರಲ್ಲಿ ಎಲ್ಲರೂ ಒಂದೇ. ಒಂದೇ ಒಂದು ತಕರಾರು ಉಳಿದಿದೆ. ಕೆಳಗಿನ ಅಂಕಣದ ಮೂಲೆಯಲ್ಲಿ ಸವೆದುಹೋದ ಪ್ರಾಣಿಗೆ ಒಬ್ಬನ ಚಿತ್ರದಲ್ಲಿ ಕೊಂಬಿದೆ, ಇನ್ನೊಬ್ಬಳ ಚಿತ್ರದಲ್ಲಿ ಲಗಾಮಿದೆ. ಕೊಂಬಾದರೆ ಅದು ದನ ಬಿಡಿಸಲು ಹೋಗಿ ಸತ್ತವನ ಕಲ್ಲು, ಲಗಾಮಾದರೆ ದಂಡಿನಲ್ಲಿ ಸತ್ತವನದು. ಸಂಜೆಯ ಓರೆ ಬಿಸಿಲಿನಲ್ಲಿ ಸವೆದ ಗೆರೆಗಳು ಚೆನ್ನಾಗಿ ಕಾಣುತ್ತವೆ ಎಂದು ಹೇಳಿದ್ದೇನೆ. ಈ ಶನಿವಾರ ಐದು ಗಂಟೆಗೆ ಇಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ರಬ್ಬರನ್ನು ಇಬ್ಬರೂ ತರಬೇಕು.